ಕ್ರೇವನ್ ದಿ ಹಂಟರ್: ಏಳನೇ ಕ್ಲಾಸಿನ ಹುಡುಗನಿಗೆ ಈ ಪುಸ್ತಕ ಕೊಡಬಹುದಾ?

ಸುಮಾ_ಹಾಸನ:
ಎಲ್ಲರಿಗೂ ನಮಸ್ಕಾರ. ನನ್ನ ಮಗ ಏಳನೇ ಕ್ಲಾಸು. ಸ್ಪೈಡರ್‌ಮ್ಯಾನ್ ಹುಚ್ಚು ಮೊದಲಿನಿಂದಲೂ ಇತ್ತು. ಚಿಕ್ಕಪ್ಪನ ಮನೆಯಲ್ಲಿ ಪಿಎಸ್5ನಲ್ಲಿ ಸ್ಪೈಡರ್‌ಮ್ಯಾನ್ ವಿಡಿಯೋ ಗೇಮ್ ಆಡಿ ಬಂದ ಮೇಲೆ ಬಾಯಿ ತೆರೆದರೆ ಅದರ ವಿಲನ್ ಕ್ರೇವನ್ ಅಂತಾನೆ. ಈಗ ಹುಟ್ಟುಹಬ್ಬಕ್ಕೆ 'ಕ್ರೇವನ್ಸ್ ಲಾಸ್ಟ್ ಹಂಟ್' ಪುಸ್ತಕವೇ ಬೇಕಂತೆ. ನಾನು ಇವನು ಯಾರಪ್ಪಾ ಅಂತ ಹಳೇ ಚಿತ್ರ ಹುಡುಕಿ ನೋಡಿದೆ. ಎದೆ ಮೇಲೆ ಕೇಸರವಿರೋ ಸಿಂಹದ ಮುಖ, ಕೆಳಗೆ ಚಿರತೆ ಚುಕ್ಕೆಯ ಪ್ಯಾಂಟು. ನಿಜ ಹೇಳಬೇಕಂದ್ರೆ ನಗು ಬಂತು. ಪ್ರಾಣಿ ಬೇಟೆಯಾಡುವವನು ಜೇಡರ ಹುಡುಗನ ಬೆನ್ನು ಯಾಕೆ ಬಿದ್ದ? ಜನ ಇವನನ್ನು ಯಾಕೆ ಇಷ್ಟು ಹೊಗಳ್ತಾರೆ? ಮುಖ್ಯವಾಗಿ, ಈ ಪುಸ್ತಕ ಹನ್ನೆರಡು ವರ್ಷದವನ ಕೈಗೆ ಕೊಡಬಹುದಾ? ತಿಳಿದವರು ಹೇಳಿ.

ಜಾಯ್‌ಸ್ಟಿಕ್_ಜಗ್ಗ:
ಅಕ್ಕಾ, ಆ ಆಟ ನಾನು ಪೂರ್ತಿ ಮುಗಿಸಿದ್ದೀನಿ. 2023ರಲ್ಲಿ ಬಂದಿದ್ದು. ಅದರಲ್ಲಿ ಕ್ರೇವನ್‌ಗೆ ಕ್ಯಾನ್ಸರ್. ಹಾಸಿಗೆ ಹಿಡಿದು ಸಾಯೋಕೆ ಇಷ್ಟ ಇಲ್ಲ. ತನಗೆ ಸರಿಸಮ ಎದುರಾಳಿ ಸಿಕ್ಕಿ, ಅವನ ಕೈಯಲ್ಲೇ ಸಾಯಬೇಕು ಅಂತ ನ್ಯೂಯಾರ್ಕ್‌ಗೆ ಬರ್ತಾನೆ. ಪಾಪ ಅನ್ಸುತ್ತೆ, ಆದರೆ ಬಾಸ್ ಫೈಟ್ ಮಾತ್ರ ಬೆವರು ಇಳಿಸುತ್ತೆ. ಪುಸ್ತಕ ಓದಿಲ್ಲ. ಕೊಡಿ ಬಿಡಿ ಅಕ್ಕಾ, ಕಾಮಿಕ್ಸ್ ತಾನೇ, ಏನಾಗುತ್ತೆ? 2024ರ ಕ್ರೇವನ್ ಸಿನಿಮಾ ಮಾತ್ರ ತೋರಿಸಬೇಡಿ, ಎರಡು ಗಂಟೆ ದಂಡ.

ಬಾಡಿಗೆ_ಪುಸ್ತಕದವ:
ಜಗ್ಗ, "ಕಾಮಿಕ್ಸ್ ತಾನೇ" ಅಂದುಕೊಂಡೇ ಎಷ್ಟೋ ಅಪ್ಪ ಅಮ್ಮಂದಿರು ನನ್ನ ಅಂಗಡಿಯಿಂದ ಏನೇನೋ ತಗೊಂಡು ಹೋಗಿ, ಮಾರನೇ ದಿನ ಬಂದು ಜಗಳ ಆಡಿದ್ದಾರೆ. ನಾನು ಮೈಸೂರಿನಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದವನು. ಈಗ ಅಂಗಡಿ ಇಲ್ಲ, ಬಾಯಿ ಇದೆ.

ಮೇಡಂ, ನೇರವಾಗಿ ಹೇಳಿಬಿಡ್ತೀನಿ. ಈಗಲೇ ಕೊಡಬೇಡಿ. ಯಾಕೆ ಅಂತ ಹೇಳೋಕೆ ಕಥೆ ಬಿಟ್ಟುಕೊಡಬೇಕಾಗುತ್ತೆ. ಓದಬೇಕು ಅಂತಿರುವವರು ಇಲ್ಲಿಂದ ಮುಂದೆ ಬರಬೇಡಿ.

ನೀವು ನಕ್ಕಿದ್ದು ಸರಿಯಾಗಿಯೇ ಇದೆ. ಕ್ರೇವನ್ ಮೊದಲು ಬಂದಿದ್ದು 1964ರಲ್ಲಿ, 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 15ನೇ ಸಂಚಿಕೆಯಲ್ಲಿ. ಬರೆದದ್ದು ಸ್ಟ್ಯಾನ್ ಲೀ, ಚಿತ್ರ ಸ್ಟೀವ್ ಡಿಟ್ಕೋ. ಹೆಸರು ಸೆರ್ಗೈ ಕ್ರಾವಿನಾಫ್, ರಷ್ಯಾದ ಹಳೇ ಶ್ರೀಮಂತ ಮನೆತನ. ಕಾಡಿನ ಸೊಪ್ಪು ಬೇರಿನ ಕಷಾಯ ಕುಡಿದು ಮೈಗೆ ಬಲ ತಂದುಕೊಂಡವನು. ಆನೆ, ಸಿಂಹ ಎಲ್ಲಾ ಹಿಡಿದು ಬೇಜಾರಾಗಿದೆ. ಕಮೇಲಿಯನ್ ಅನ್ನೋ ವೇಷಗಾರ ಕರೆಸಿ, "ಸ್ಪೈಡರ್‌ಮ್ಯಾನ್‌ನ ಹಿಡಿದು ತೋರಿಸು" ಅಂತ ಕೆಣಕುತ್ತಾನೆ. ಬೆನ್ನು ಬಿದ್ದಿದ್ದು ಇಷ್ಟಕ್ಕೇ. ದುಡ್ಡಿಗಲ್ಲ, ಸೇಡಿಗಲ್ಲ. ಬರೀ ಜಂಭ. ಅದರಲ್ಲೂ ಕೋವಿ ಮುಟ್ಟೋದಿಲ್ಲ, ಬರಿಗೈಲೇ ಹಿಡೀತೀನಿ ಅನ್ನೋ ಜಂಭ. ಹಾಗಂತ ಜಂಭ ಕೊಚ್ಚಿಕೊಂಡವನು ಮೊದಲ ಕಥೆಯಲ್ಲೇ ಸ್ಪೈಡರ್‌ಮ್ಯಾನ್‌ಗೆ ಮದ್ದು ತಾಗಿಸಿ ಕೈ ನಡುಗುವ ಹಾಗೆ ಮಾಡ್ತಾನೆ! ಆದರೂ ಸೋತು, ಹಡಗು ಹತ್ತಿಸಿ ಗಡೀಪಾರು ಮಾಡ್ತಾರೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕಥೆ. ಬರೋದು, ಬಡಾಯಿ ಕೊಚ್ಚೋದು, ಒದೆ ತಿನ್ನೋದು.

ಈಗ 1987ಕ್ಕೆ ಬನ್ನಿ. ಜೆ. ಎಂ. ಡಿಮ್ಯಾಟಿಸ್ ಅನ್ನೋ ಬರಹಗಾರನ ತಲೆಯಲ್ಲಿ ಒಂದು ಕಥೆ ಕೂತಿತ್ತು. ನಾಯಕ ಸತ್ತ ಅಂತ ಹೂಳುತ್ತಾರೆ, ಅವನು ಮಣ್ಣು ಬಗೆದು ಎದ್ದು ಬರ್ತಾನೆ. ಮೊದಲು ವಂಡರ್ ಮ್ಯಾನ್ ಅನ್ನೋ ಹೀರೋಗೆ ಅಂತ ಕೊಟ್ಟ, ಒಪ್ಪಲಿಲ್ಲ. ಬ್ಯಾಟ್‌ಮ್ಯಾನ್‌ಗೆ ಅಂತ ಕೊಟ್ಟ, ಅಲ್ಲೂ ಒಪ್ಪಲಿಲ್ಲ. ಕೊನೆಗೆ ಸ್ಪೈಡರ್‌ಮ್ಯಾನ್ ಹತ್ತಿರ ಬಂದು ನಿಂತಿತು. ವಿಲನ್ ಯಾರು ಅಂತ ಸ್ಪೈಡರ್‌ಮ್ಯಾನ್ ಪ್ರಕಾಶಕರಾದ ಮಾರ್ವೆಲ್‌ನ ಪಾತ್ರಕೋಶ ತಿರುವಿ ಹಾಕುವಾಗ ಕ್ರೇವನ್ ರಷ್ಯಾದವನು ಅನ್ನೋದು ಕಣ್ಣಿಗೆ ಬಿತ್ತು. ಡಿಮ್ಯಾಟಿಸ್ಸೋ ರಷ್ಯಾದ ಕಾದಂಬರಿಕಾರ ದಸ್ತಯೇವ್‌ಸ್ಕಿಯ ಭಕ್ತ. ಎಲ್ಲರೂ ನಗುತ್ತಿದ್ದ ಚಿರತೆ ಪ್ಯಾಂಟಿನವನು ಆ ಹೊತ್ತಿನಿಂದ ಬೇರೆಯೇ ಮನುಷ್ಯನಾದ.

ಆ ಕಥೆಯಲ್ಲಿ ಕ್ರೇವನ್ ವಯಸ್ಸಾದವನು, ತಲೆ ಕೆಟ್ಟಿದೆ. ಮನೆ ತುಂಬಾ ಹೊಟ್ಟೆಗೆ ಹುಲ್ಲು ತುಂಬಿಸಿಟ್ಟ ಮೃಗಗಳು. ರಾಶಿ ಜೇಡಗಳ ಮಧ್ಯೆ ಬಿದ್ದು ಹೊರಳಾಡಿ, ಅವನ್ನೇ ಬಾಯಿಗೆ ತುಂಬಿಕೊಳ್ಳುತ್ತಾನೆ. ಮೈಕ್ ಜೆಕ್ ಬರೆದಿರುವ ಆ ಪುಟ ನೋಡಿದರೆ ಊಟ ಸೇರೋದಿಲ್ಲ. ಆಮೇಲೆ ಸುರಿಯೋ ಮಳೆಯಲ್ಲಿ ಸ್ಪೈಡರ್‌ಮ್ಯಾನ್ ಮೇಲೆ ಗುಂಡು ಹಾರಿಸ್ತಾನೆ. ಗಮನಿಸಿ, ಬರಿಗೈ ಅಂತಿದ್ದವನ ಕೈಗೆ ಕೋವಿ ಬಂತು. ನನಗೆ ಇಡೀ ಪುಸ್ತಕದಲ್ಲಿ ಮೈ ಜುಮ್ಮೆನ್ನಿಸೋದು ಅದೇ. ಜಂಭವೂ ಹೋಯ್ತು, ಇನ್ನು ಉಳಿದಿದ್ದು ಹಠ ಒಂದೇ. ಹೂಳಿ, "ಬೇಟೆಗಾರನ ಕೈಯಲ್ಲಿ ಸತ್ತ ಸ್ಪೈಡರ್‌ಮ್ಯಾನ್ ಇಲ್ಲಿದ್ದಾನೆ" ಅನ್ನೋ ಅರ್ಥದ ಕಲ್ಲು ನೆಡಿಸ್ತಾನೆ. ಸ್ಪೈಡರ್‌ಮ್ಯಾನ್ ಆಗ ತೊಡುತ್ತಿದ್ದ ಕಪ್ಪು ಬಟ್ಟೆಯನ್ನೇ ತೊಟ್ಟು ಊರಿಗಿಳಿದು ಕಳ್ಳರನ್ನು ಬಡೀತಾನೆ. ವರ್ಮಿನ್ ಅನ್ನೋ ನರಭಕ್ಷಕ ಇಲಿಮನುಷ್ಯ ಇದ್ದಾನೆ. ಹಿಂದೆ ಅವನನ್ನು ಹಿಡಿಯೋಕೆ ಸ್ಪೈಡರ್‌ಮ್ಯಾನ್‌ಗೆ ಕ್ಯಾಪ್ಟನ್ ಅಮೆರಿಕಾ ಜೊತೆ ಬೇಕಾಗಿತ್ತು. ಕ್ರೇವನ್ ಒಬ್ಬನೇ ಹಿಡೀತಾನೆ. ನಾನೇ ಮೇಲು ಅಂತ ಸಾಬೀತಾಯ್ತು ಅಂದುಕೊಳ್ತಾನೆ.

ಸ್ಪೈಡರ್‌ಮ್ಯಾನ್ ಸತ್ತಿರೋದಿಲ್ಲ, ಮದ್ದಿನ ಮತ್ತಿನಲ್ಲಿ ಎರಡು ವಾರ ಮಣ್ಣಿನಡಿ ಇರ್ತಾನೆ. ಎದ್ದು ಬಂದು ಎದುರು ನಿಂತರೆ ಕ್ರೇವನ್ ಕೈಯೇ ಎತ್ತೋದಿಲ್ಲ. ಗೆದ್ದಾಯ್ತು, ನೀನು ಹೊರಡು ಅಂತಾನೆ. ಬಟ್ಟೆ ತೊಟ್ಟು ಮಾಡಿದ್ದೆಲ್ಲ ನಾನೇ ಅಂತ ಒಪ್ಪಿಕೊಂಡು ಸಾಕ್ಷಿ ಇಟ್ಟು, ತನ್ನ ಪ್ರಾಣ ತಾನೇ ತೆಗೆದುಕೊಳ್ತಾನೆ. ಅದೂ ಶಾಂತವಾಗಿ, ಏನೋ ಸಾಧಿಸಿದವನ ಹಾಗೆ. ಮೇಡಂ, ನಾನು ಬೇಡ ಅಂದಿದ್ದು ಇದಕ್ಕೆ. ಜೇಡ ತಿನ್ನೋದನ್ನು ಮಕ್ಕಳು ತಡ್ಕೋತಾರೆ, ಖುಷಿಯೂ ಪಡ್ತಾರೆ. ಕೊನೆಯ ಈ ಭಾಗವನ್ನು ಒಬ್ಬನೇ ಕೂತು ಓದಬಾರದು. ಆಗಲೂ ಇದೇ ಆಕ್ಷೇಪ ಬಂದಿತ್ತು, ಆತ್ಮಹತ್ಯೆಯನ್ನು ದೊಡ್ಡದು ಮಾಡಿ ತೋರಿಸಿದಿರಿ ಅಂತ. ಅದಕ್ಕೇ 1992ರಲ್ಲಿ ಅದೇ ತಂಡ 'ಸೋಲ್ ಆಫ್ ದಿ ಹಂಟರ್' ಅಂತ ಇನ್ನೊಂದು ಕಥೆ ಮಾಡಿತು.

ಕಾಡುದಾರಿ:
ಚೆನ್ನಾಗಿ ಹೇಳಿದಿರಿ ಸರ್. ಶಿಕಾರಿ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಕೆನೆತ್ ಆಂಡರ್ಸನ್, ತೇಜಸ್ವಿ ಕನ್ನಡಕ್ಕೆ ತಂದ ಅವರ ಕಾಡಿನ ಕಥೆಗಳು. ಅಲ್ಲಿ ಹುಲಿ ಜನರನ್ನು ತಿಂದಿರುತ್ತೆ, ಊರವರು ಬಾಗಿಲು ತೆಗೆಯೋಕೂ ಹೆದರ್ತಿರ್ತಾರೆ, ಹಾಗಾಗಿ ಬೇಟೆಗಾರನಿಗೆ ಅಲ್ಲಿ ಒಂದು ಕೆಲಸ ಇರುತ್ತೆ. ಕ್ರೇವನ್‌ಗೆ ಅಂಥದ್ದೇನೂ ಇಲ್ಲ. ಗೋಡೆಗೆ ತಲೆ ನೇತುಹಾಕೋದಕ್ಕೆ ಬೇಟೆ. ನಮ್ಮಲ್ಲಿ 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಂಥ ಶೋಕಿ ಮುಗಿಯಿತು. 1964ರಲ್ಲಿ ಸಿಂಹದ ಮುಖ ತೊಟ್ಟವನು ಜನರಿಗೆ ಗತ್ತಿನ ಮನುಷ್ಯನಾಗಿಯೇ ಕಂಡಿರಬೇಕು, ಈಗ ನೋಡಿದರೆ ಸಿಟ್ಟು ಬರುತ್ತೆ.

ಬಾಡಿಗೆ_ಪುಸ್ತಕದವ:
ಒಳ್ಳೇ ಮಾತು. ಇದೇ ಕಾರಣಕ್ಕೆ ಸಿನಿಮಾದವರು ಎಡವಿದ್ದು. ಈಗಿನವರಿಗೆ ಪ್ರಾಣಿ ಕೊಲ್ಲುವವನು ಹಿಡಿಸೋದಿಲ್ಲ ಅಂತ ಅವನನ್ನು ಪ್ರಾಣಿ ಕಾಯುವವನನ್ನಾಗಿ ಮಾಡಿ, ಕಳ್ಳಬೇಟೆಗಾರರ ಮೇಲೆ ಬಿಟ್ಟರು. ಸ್ಪೈಡರ್‌ಮ್ಯಾನ್ ಅಂತೂ ಇಲ್ಲವೇ ಇಲ್ಲ. ಹುಲಿಯೇ ಇಲ್ಲದ ಕಾಡಲ್ಲಿ ಮಚಾನು ಕಟ್ಟಿ ಕೂತ ಹಾಗಾಯ್ತು.

ನಿಮ್ಮ "ಕೆಲಸ" ಅನ್ನೋ ಮಾತನ್ನೇ ಮುಂದುವರಿಸ್ತೀನಿ. ಪೀಟರ್, ಅಂದರೆ ಸ್ಪೈಡರ್‌ಮ್ಯಾನ್, ಬಟ್ಟೆ ತೊಡೋದು ಯಾರನ್ನೋ ಉಳಿಸೋಕೆ. ಕ್ರೇವನ್ ಆ ಬಟ್ಟೆ ತೊಟ್ಟು ಪೀಟರ್‌ಗಿಂತ ಜೋರಾಗಿ ಹೊಡೆದ, ಆದರೆ ಯಾರಿಗಾಗಿ ಅನ್ನೋದು ಕೊನೆಗೂ ತಲೆಗೆ ಹತ್ತಲಿಲ್ಲ. ಗೆದ್ದೆ ಅಂದುಕೊಂಡೇ ಹೋದ. ಪೀಟರ್ ಮಣ್ಣು ಬಗೆದು ಎದ್ದು ಮೊದಲು ಓಡಿದ್ದು ಕ್ರೇವನ್ ಹತ್ತಿರ ಅಲ್ಲ, ಹೊಸದಾಗಿ ಮದುವೆಯಾದ ಮೇರಿ ಜೇನ್ ಹತ್ತಿರ.

ಸುಮಾ_ಹಾಸನ:
ಇಷ್ಟೆಲ್ಲಾ ಬರೆದಿದ್ದಕ್ಕೆ ಧನ್ಯವಾದ ಸರ್. ಕೊಡಲ್ಲ, ಸದ್ಯಕ್ಕೆ. ಆದರೆ ಹುಟ್ಟುಹಬ್ಬ ಬಂದೇಬಿಡ್ತು. ಇವನು ಕ್ರೇವನ್ ಬಿಟ್ಟು ಬೇರೆ ಏನೂ ಒಪ್ಪೋ ಹಾಗೆ ಕಾಣ್ತಿಲ್ಲ. ಏನ್ ಮಾಡ್ಲಿ?

ಬಾಡಿಗೆ_ಪುಸ್ತಕದವ:
'ಅನ್‌ಬೀಟಬಲ್ ಸ್ಕ್ವಿರಲ್ ಗರ್ಲ್' ಮೊದಲ ಭಾಗ ಕೊಡಿಸಿ. 2015ರಲ್ಲಿ ಶುರುವಾಗಿದ್ದು, ರಯಾನ್ ನಾರ್ತ್ ಬರೆದದ್ದು, ಎರಿಕಾ ಹೆಂಡರ್ಸನ್ ಚಿತ್ರ. ಅಳಿಲಿನ ಬಾಲ ಇರೋ ಕಾಲೇಜು ಹುಡುಗಿಗೆ ಮೊದಲ ಸಂಚಿಕೆಯಲ್ಲೇ ಕ್ರೇವನ್ ಎದುರಾಗ್ತಾನೆ. ಹೊಡೆದಾಡಿ ಸುಸ್ತಾಗಿ, ಕೊನೆಗೆ ಅವಳು ಕೂರಿಸಿ ಬುದ್ಧಿ ಹೇಳ್ತಾಳೆ: ಹುಡುಗರ ಹಿಂದೆ ಯಾಕೆ ಬೀಳ್ತೀಯಾ, ನಿನ್ನ ಅಳತೆಗೆ ಸಮುದ್ರದಲ್ಲಿ ದೈತ್ಯ ಮೃಗಗಳಿವೆ, ಅವನ್ನು ಹಿಡಿ. ಅವನೂ ಹೌದಲ್ವಾ ಅಂತ ಎದ್ದು ಹೋಗ್ತಾನೆ! ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಲೇಖಕನ ತರ್ಲೆ ಮಾತುಗಳಿರುತ್ತವೆ, ಅದನ್ನು ಬಿಡದೆ ಓದಲಿಕ್ಕೆ ಹೇಳಿ.

ಮುಂದೆ ಯಾವಾಗಲಾದರೂ 'ಲಾಸ್ಟ್ ಹಂಟ್' ಕೊಳ್ಳುವಾಗ ಬಿಡಿ ಸಂಚಿಕೆ ತಗೋಬೇಡಿ. ಒಟ್ಟು ಆರು ಭಾಗ, ಮೂರು ಬೇರೆ ಬೇರೆ ಪತ್ರಿಕೆಗಳಲ್ಲಿ ಹಂಚಿಹೋಗಿವೆ. ಇಲ್ಲಿ ಹೂಳಿದ್ದಾರೆ, ಪಕ್ಕದ ಪತ್ರಿಕೆಯಲ್ಲಿ ಜಿಗಿದಾಡ್ತಿದ್ದಾನೆ ಅಂತಾಗಬಾರದು ಅಂತ ಎಲ್ಲದರಲ್ಲೂ ಒಂದೇ ಕಥೆ ಓಡಿಸಿ ಎರಡೇ ತಿಂಗಳಲ್ಲಿ ಮುಗಿಸಿದ್ದರು. ಆರೂ ಸೇರಿಸಿದ ಒಂದೇ ಪುಸ್ತಕ ಸಿಗುತ್ತೆ, ಅದನ್ನೇ ಕೇಳಿ.

ಜಾಯ್‌ಸ್ಟಿಕ್_ಜಗ್ಗ:
ಅಳಿಲು ಹುಡುಗಿ ಪುಸ್ತಕ ನನಗೂ ಬೇಕು. ಯಾರ ಹತ್ರ ಆದ್ರೂ ಇದ್ರೆ ಹೇಳಿ, ಪೋಸ್ಟ್ ಖರ್ಚು ನಂದು.