ಆಟಿಸಂ ಇರುವ ಮಗನಿಗೆ ಅರ್ಧ ದಿನದ ಶಾಲೆ ಸಾಕಾ? ಅನುಭವ ಇದ್ದವರು ಹೇಳಿ

ಮಗನಿಗೆ ಏಳು ವರ್ಷ, ಆಟಿಸಂ ಇದೆ. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಾನೆ. ಊಟ ಆದ ಮೇಲೆ ಕಿವಿ ಮುಚ್ಚಿಕೊಂಡು ಅಳುತ್ತಾನೆ, ಕ್ಲಾಸಿನಿಂದ ಎದ್ದು ಓಡುತ್ತಾನೆ. "ಹನ್ನೆರಡೂವರೆಗೇ ಕರ್ಕೊಂಡು ಹೋಗ್ಬಿಡಿ ಮೇಡಂ" ಅನ್ನುತ್ತಿದ್ದಾರೆ ಶಾಲೆಯವರು. ಸಂಜೆ ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಶನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸೋದು) ಬೇರೆ. ಅಲ್ಲಿಗೆ ಹೋಗುವಷ್ಟರಲ್ಲಿ ತೂಕಡಿಸುತ್ತಿರುತ್ತಾನೆ. ಅರ್ಧ ದಿನಕ್ಕೆ ಒಪ್ಪಿಕೊಳ್ಳಲಾ? ನೀವೆಲ್ಲ ಟೈಮ್‌ಟೇಬಲ್ ಹೇಗೆ ಮಾಡಿಸಿಕೊಂಡಿರಿ?

ಆಟಿಸಂ ಇರುವ ಹುಡುಗನ ತಾಯಿ, ಬೆಂಗಳೂರು:
ಒಪ್ಪುವ ಮೊದಲು ಒಂದು ಕೆಲಸ ಮಾಡಿ ಅಕ್ಕ. ಕ್ಲಾಸ್ ಟೈಮ್‌ಟೇಬಲ್‌ನ ಜೆರಾಕ್ಸ್ ಟೀಚರ್ ಕೈಗೆ ಕೊಡಿ. ಪೀರಿಯಡ್ ಚೆನ್ನಾಗಿ ಹೋದರೆ ಟಿಕ್, ಕಷ್ಟ ಆದರೆ ಸೊನ್ನೆ, ಅಷ್ಟೇ ಹಾಕಲಿ. ಇನ್ನೂ ಜಾಸ್ತಿ ಬರೆಯಿರಿ ಅಂದರೆ ಅಷ್ಟು ಮಕ್ಕಳ ಮಧ್ಯೆ ಯಾರೂ ಬರೆಯಲ್ಲ.

ನಮ್ಮ ಮಗನ ಮೇಲೂ "ಮಧ್ಯಾಹ್ನ ಆಗಲ್ಲ" ಅನ್ನೋ ದೂರೇ ಇತ್ತು. ಹಾಳೆ ನೋಡಿದರೆ ಸೊನ್ನೆಗಳೆಲ್ಲ ಊಟ ಆದ ತಕ್ಷಣದ ಪೀರಿಯಡ್‌ನಲ್ಲೇ. ಕೊನೆಯ ಪೀರಿಯಡ್ ಡ್ರಾಯಿಂಗ್ ಇದ್ದ ದಿನ ಟಿಕ್! ಅವನಿಗೆ ಆಗದಿದ್ದದ್ದು ಊಟದ ಹೊತ್ತಿನ ಗಲಾಟೆ. ನಲ್ಲಿ ಹತ್ತಿರ ನೂಕುನುಗ್ಗಲು, ಸ್ಟೀಲ್ ಡಬ್ಬಿಗಳ ಸದ್ದು, ಅದರ ಮೇಲೆ ಬೆಲ್. ಅದನ್ನೆಲ್ಲ ತಡೆದುಕೊಂಡು ಬಂದು ಕೂತ ತಕ್ಷಣ ಲೆಕ್ಕ ಮಾಡು ಅಂದರೆ ಯಾರಿಗೆ ತಲೆ ಓಡುತ್ತೆ? ಬೆಲ್‌ಗೆ ಐದು ನಿಮಿಷ ಮೊದಲೇ ಅವನನ್ನು ಕೈ ತೊಳೆಯೋಕೆ ಬಿಟ್ಟರು. ಊಟ ಆದ ಮೇಲೆ ಲೈಬ್ರರಿ ಮೂಲೆಯಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕೂರೋಕೆ ಜಾಗ ಕೊಟ್ಟರು. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ದಿನ ಪೂರ್ತಿ ಶಾಲೆಯಲ್ಲಿ ಇರುತ್ತಾನೆ.

ಇನ್ನೊಂದು, ಡೆಸ್ಕ್ ಮೇಲೆ ಚಿತ್ರದ ಟೈಮ್‌ಟೇಬಲ್. ಉದ್ದನೆಯ ರಟ್ಟಿಗೆ ವೆಲ್ಕ್ರೋ ಅಂಟಿಸಿ, ಪೀರಿಯಡ್‌ಗೊಂದು ಚಿತ್ರ. ಮುಗಿದ ಪೀರಿಯಡ್‌ನ ಚಿತ್ರ ಕಿತ್ತು ಅವನೇ ಡಬ್ಬಿಗೆ ಹಾಕುತ್ತಾನೆ. ಬರೀ ಪ್ರಶ್ನಾರ್ಥಕ ಚಿಹ್ನೆ ಇರೋ ಒಂದು ಕಾರ್ಡ್ ಕೂಡ ಮಾಡಿಡಿ. ಟೀಚರ್ ರಜೆ ಹಾಕಿ, ಪಿ.ಟಿ. ಬದಲು ಇನ್ಯಾರೋ ಬಂದು ಪಾಠ ಮಾಡೋ ದಿನ ಬೆಳಿಗ್ಗೆಯೇ ಆ ಜಾಗದಲ್ಲಿ ಅದನ್ನು ಅಂಟಿಸಬೇಕು. ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಈ ಕಾರ್ಡೇ.

ಸಿ.ಪಿ. (ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಕೈಕಾಲು ಆಡಿಸೋದು ಕಷ್ಟವಾಗುವ ಸ್ಥಿತಿ) ಇರುವ ಹುಡುಗಿಯ ತಂದೆ, ಹುಬ್ಬಳ್ಳಿ:
ಅರ್ಧ ದಿನ ಅಂದರೆ ಕೆಟ್ಟದ್ದೇ ಅಂತ ಅಲ್ಲ. ನಮ್ಮ ಮಗಳಿಗೆ ಫಿಟ್ಸ್ ಮಾತ್ರೆಯಿಂದ ನಿದ್ದೆ ಬರುತ್ತಿತ್ತು, ಅವಳಿಗೆ ಪೂರ್ತಿ ದಿನ ಆಗುತ್ತಲೇ ಇರಲಿಲ್ಲ. ಆದರೆ ಬಾಯಿಮಾತಿನಲ್ಲಿ ಒಪ್ಪಬೇಡಿ. ಯಾವ ತಾರೀಕಿನವರೆಗೆ ಅರ್ಧ ದಿನ, ಮತ್ತೆ ಯಾವಾಗ ಕೂತು ಮಾತಾಡೋದು, ಹಾಜರಿ ಹೇಗೆ ಹಾಕುತ್ತಾರೆ, ಇಷ್ಟನ್ನು ಬರೆಸಿಕೊಳ್ಳಿ. ಇಲ್ಲ ಅಂದರೆ ಆ ಅರ್ಧ ದಿನವೇ ಕಾಯಂ ಆಗಿಬಿಡುತ್ತೆ.

ಇನ್ನೊಂದು ವಿಷಯ ನಮಗೆ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಎಲ್ಲ ಪಾಠ, ಆಟ ಮಧ್ಯಾಹ್ನ. ಹಾಗಾಗಿ ಮಗಳಿಗೆ ಒಬ್ಬ ಗೆಳತಿಯೂ ಆಗಿರಲಿಲ್ಲ. ವಾರದಲ್ಲಿ ಎರಡು ದಿನ ತಡವಾಗಿ ಕಳಿಸಿ, ಆಟದ ಪೀರಿಯಡ್ ಮುಗಿಸಿಕೊಂಡು ಬರೋ ಹಾಗೆ ಮಾಡಿದೆವು.

ನಿವೃತ್ತ ಸಂಪನ್ಮೂಲ ಶಿಕ್ಷಕಿ, ಶಿವಮೊಗ್ಗ:
ಶಾಲೆಯವರು ಉಪಕಾರ ಮಾಡುತ್ತಿದ್ದಾರೆ ಅನ್ನೋ ಹಾಗೆ ಕೇಳಬೇಡಿ ಅಮ್ಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಖಾಸಗಿಯಾದರೂ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತೆ 16ನೇ ಸೆಕ್ಷನ್. 17ನೇ ಸೆಕ್ಷನ್‌ನಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ, ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಇವೆಲ್ಲ ಬರುತ್ತವೆ. ಟೈಮ್‌ಟೇಬಲ್‌ಗೆ ಇದರಿಂದ ದೊಡ್ಡ ಅನುಕೂಲ. ಮುಂದೆ ಮೂರನೇ ಭಾಷೆ ಶುರುವಾದಾಗ ವಿನಾಯಿತಿ ತೆಗೆದುಕೊಂಡರೆ, ಆ ಪೀರಿಯಡ್ ವಿಶೇಷ ಶಿಕ್ಷಕರ ಜೊತೆ ಕೂರೋಕೆ ಸಿಗುತ್ತೆ. ಪಿ.ಟಿ., ಸಂಗೀತ ಮಾತ್ರ ಇದಕ್ಕೆ ಬಿಟ್ಟುಕೊಡಬೇಡಿ. ಶಾಲೆಗಳು ಮೊದಲು ಕೈ ಹಾಕೋದೇ ಅವಕ್ಕೆ, ಮಗು ಖುಷಿಯಾಗಿ ಇರೋದೂ ಅಲ್ಲೇ.

ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲ ಅಂದರೆ ಈಗಲೇ ಅರ್ಜಿ ಹಾಕಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿಐಇಆರ್‌ಟಿ ಯಾರು ಅಂತ ಕೇಳಿ. ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳೋ ಸಂಪನ್ಮೂಲ ಶಿಕ್ಷಕರು ಅವರು. ಅವರ ಕೆಲಸ ಹೆಚ್ಚಾಗಿ ಸರ್ಕಾರಿ ಶಾಲೆಗಳಲ್ಲಿ, ಆದರೂ ದಾರಿ ಹೇಳುತ್ತಾರೆ.

ಒಬ್ಬ ತಾಯಿ, ಮೈಸೂರು:
ಸಂಜೆ ಎರಡೆರಡು ಥೆರಪಿ ಯಾಕಕ್ಕ, ಪಾಪ! ನಾವು ಓಟಿ ಶನಿವಾರಕ್ಕೆ ಹಾಕಿಕೊಂಡೆವು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕಲಿಸಿಕೊಟ್ಟಿದ್ದನ್ನು ಮಿಕ್ಕ ದಿನ ಸ್ನಾನ, ಊಟದ ಹೊತ್ತಲ್ಲೇ ಮಾಡಿಸುತ್ತೇನೆ. ದೋಸೆ ಬೇಕು ಅಂದರೆ "ದೋಸೆ ಕೊಡು" ಅನ್ನಬೇಕು. ಸುಮ್ನೆ ಕೈ ತೋರಿಸಿದರೆ ನಾನು ಕಾಯುತ್ತೇನೆ, ಅಜ್ಜಿ ಮಾತ್ರ ಕಾಯಲ್ಲ. ನಿಮ್ಮ ಥೆರಪಿಸ್ಟ್‌ನ ಕೇಳಿ ನೋಡಿ, ಮನೆಯಲ್ಲಿ ಏನೇನು ಮಾಡಿಸಬಹುದು ಅಂತ.

ಒಬ್ಬ ತಂದೆ, ಬೆಂಗಳೂರು:
ಎಲ್ಲರೂ ಪೀರಿಯಡ್ ಬಗ್ಗೆಯೇ ಹೇಳಿದರು. ಮಗ ವ್ಯಾನಲ್ಲಿ ಎಷ್ಟು ಹೊತ್ತು ಕೂರುತ್ತಾನೆ ಮೇಡಂ? ನಮ್ಮವನನ್ನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತಿಸಿಕೊಂಡು, ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಸುತ್ತಿದ್ದರು. ಡ್ರೈವರ್ ಹತ್ತಿರ ಮಾತಾಡಿ ಸಂಜೆ ಮೊದಲು ಇಳಿಸೋ ಹಾಗೆ ಮಾಡಿಕೊಂಡೆವು. ಈಗ ಥೆರಪಿಗೆ ಮೊದಲು ಹಾಲು ಕುಡಿದು, ಒಂದು ನಿದ್ದೆ ತೆಗೆಯೋಕೆ ಟೈಮ್ ಸಿಗುತ್ತೆ.