ಸಮುದ್ರ ದೂರ ಇದೆ ಅಂತ ಸುಮ್ನಿರಬೇಡ ಕಣೋ

ತಮ್ಮಾ, ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜು ಈಗ ನೋಡ್ದೆ. ಟೈಪ್ ಮಾಡೋಷ್ಟು ತಾಳ್ಮೆ ಇಲ್ಲ, ಮಾತಲ್ಲೇ ಹೇಳ್ತೀನಿ, ಪೂರ್ತಿ ಕೇಳು. ಷಾರ್ಲೆಟ್‌ನಿಂದ ಸಮುದ್ರ ಮೂರೂವರೆ ಗಂಟೆ ದಾರಿ, ಬ್ಯಾಂಕಿನವರೂ ಕೇಳಿಲ್ಲ, ಹೊಸ ಮನೇಗೆ ಫ್ಲಡ್ ಇನ್ಶೂರೆನ್ಸ್ ಯಾಕಕ್ಕ ಅಂದಿದೀಯಲ್ಲ.

ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ. 2021ರಲ್ಲಿ ಐಡಾ ಚಂಡಮಾರುತ ಅಪ್ಪಳಿಸಿದ್ದು ಲೂಯಿಸಿಯಾನಾಗೆ, ನಮ್ಮ ನ್ಯೂಜೆರ್ಸಿಯಿಂದ ಸಾವಿರ ಮೈಲಿಗೂ ಆಚೆ. ಮೂರು ದಿನ ಬಿಟ್ಟು, ಸೆಪ್ಟೆಂಬರ್ 1ರ ರಾತ್ರಿ, ಅದರ ಮಳೆ ನಮ್ಮ ತಲೆ ಮೇಲೆ ಸುರೀತು. ಕರೆಂಟ್ ಹೋಯ್ತು, ಬೇಸ್‌ಮೆಂಟ್ ನೀರನ್ನ ಹೊರಗೆ ಹಾಕೋ ಸಂಪ್ ಪಂಪ್ ನಿಂತೋಯ್ತು. ಟಾರ್ಚ್ ಹಿಡ್ಕೊಂಡು ಬೇಸ್‌ಮೆಂಟ್ ಮೆಟ್ಟಿಲ ಮೇಲೆ ನಿಂತಿದೀನಿ, ಅಮ್ಮನ ಸೀರೆ ಇಟ್ಟಿದ್ದ ಸೂಟ್‌ಕೇಸು ತೇಲ್ಕೊಂಡು ಬಂದು ಮೆಟ್ಟಿಲಿಗೆ ಟಕ್ ಟಕ್ ಅಂತ ಬಡೀತಿತ್ತು. ಆ ಸದ್ದು ಈಗ್ಲೂ ಕಿವೀಲಿದೆ. ಮಾರನೇ ದಿನ ಫೋನ್ ಮಾಡಿದ್ರೆ, ಹೊರಗಿಂದ ನುಗ್ಗಿದ ನೀರು ಹೋಮ್ ಇನ್ಶೂರೆನ್ಸ್‌ಗೆ ಬರಲ್ಲ ಅಂದ್ರು. ಪಾಲಿಸೀಲಿ ಬರೆದೇ ಇತ್ತು, ನಾವು ಓದಿರ್ಲಿಲ್ಲ.

ನಿಮ್ಮ ನಾರ್ತ್ ಕ್ಯಾರೊಲಿನಾದ್ದೇ ನೋಡು. 2024ರಲ್ಲಿ ಹೆಲೀನ್ ಚಂಡಮಾರುತ ಬಂದಿದ್ದು ಫ್ಲಾರಿಡಾಗೆ, ಮಾರನೇ ದಿನ ಮುಳುಗಿದ್ದು ನಿಮ್ಮ ರಾಜ್ಯದ ಆಶ್‌ವಿಲ್. ಎರಡು ಸಾವಿರ ಅಡಿ ಎತ್ತರದ ಬೆಟ್ಟದೂರು! ಮೊದಲೇ ಮಳೆಗೆ ನೆಂದಿದ್ದ ನೆಲ ಒಂದು ಹನಿನೂ ಹೀರ್ಲಿಲ್ಲ, ಗುಡ್ಡದ ನೀರೆಲ್ಲ ಕಣಿವೆಗಿಳೀತು. ನಲ್ಲೀಲಿ ಕುಡಿಯೋ ನೀರು ಬರೋಕೆ 53 ದಿನ ಬೇಕಾಯ್ತಂತೆ, ಯೋಚ್ನೆ ಮಾಡು.

ಫ್ಲಡ್ ಇನ್ಶೂರೆನ್ಸ್‌ಗೆ ಸರ್ಕಾರದ್ದೇ ಸ್ಕೀಮ್ ಇದೆ, ಎನ್‌ಎಫ್‌ಐಪಿ (ನ್ಯಾಷನಲ್ ಫ್ಲಡ್ ಇನ್ಶೂರೆನ್ಸ್ ಪ್ರೋಗ್ರಾಮ್) ಅಂತ. ಕಟ್ಟಡಕ್ಕೆ 2,50,000 ಡಾಲರ್ ತನಕ, ಸಾಮಾನಿಗೆ 1,00,000. ಸಾಮಾನಿಂದು ಬೇರೆ, ನೀನೇ ಕೇಳಿ ಹಾಕಿಸ್ಕೋಬೇಕು. ಬೇಸ್‌ಮೆಂಟಲ್ಲಿ ಮನೆ ಬಿಸಿ ಮಾಡೋ ಫರ್ನೇಸು, ವಾಟರ್ ಹೀಟರ್‌ಗೆ ದುಡ್ಡು ಬರತ್ತೆ, ಸೋಫಾ, ಟೀವಿ, ಬಟ್ಟೆಗೆ ಬರಲ್ಲ. ಅದಕ್ಕೇ ಬೆಲೆ ಬಾಳೋದನ್ನ ಕೆಳಗಿಡ್ಬೇಡ. ಪಾಸ್‌ಪೋರ್ಟು, ಓಸಿಐ ಕಾರ್ಡು ಎಲ್ಲ ಜಿಪ್ ಕವರ್‌ಗೆ ಹಾಕಿ ಮೇಲಿನ ರೂಮಲ್ಲಿಡು, ಮನೆಯೆಲ್ಲ ಒಂದ್ಸಲ ವಿಡಿಯೋ ಮಾಡಿಟ್ಕೋ.

ನಾನು ಅವಸರ ಮಾಡ್ತಿರೋದು ಯಾಕೆ ಗೊತ್ತಾ? ಸಾಮಾನ್ಯವಾಗಿ ಪಾಲಿಸಿ ಕೊಂಡು 30 ದಿನ ಆದ್ಮೇಲೇ ಜಾರಿಗೆ ಬರೋದು. ಟೀವೀಲಿ ಚಂಡಮಾರುತ ಕಂಡ್ಮೇಲೆ ಓಡಿದ್ರೆ ಏನೂ ಆಗಲ್ಲ. ಈಗ ಆಗಸ್ಟ್ ಶುರು, ಸೆಪ್ಟೆಂಬರ್‌ನಲ್ಲೇ ಜೋರು.

ಚಿಕ್ಕಮ್ಮಾ, ನೀವು ಮುಂದಿನ ತಿಂಗಳು ಷಾರ್ಲೆಟ್‌ಗೆ ಹೋಗ್ತೀರಲ್ಲ, ರಸ್ತೆ ಮೇಲೆ ನೀರು ಹರೀತಿದ್ರೆ ಕಾರು ತಿರುಗಿಸು ಅಂತ ಇವನಿಗೆ ಗದರಿಸಿ ಹೇಳಿ. ಐಡಾದಲ್ಲಿ ನಮ್ಮ ಕಡೆ ತೀರ್ಕೊಂಡವರಲ್ಲಿ ಹೆಚ್ಚಿನವರು ಕಾರಲ್ಲಿ ಸಿಕ್ಕಿಕೊಂಡವರು.

ನಾಳೆ ಬೆಳಿಗ್ಗೇನೇ ಏಜೆಂಟ್‌ಗೆ ಫೋನ್ ಮಾಡು ತಮ್ಮಾ. ಎಷ್ಟು ಹೇಳಿದ್ರು ಅಂತ ಇಲ್ಲೇ ಹಾಕು, ನನ್ನ ಪಾಲಿಸಿ ಜೊತೆ ಇಟ್ಟು ನೋಡೋಣ.