ಜೆಟ್ಟಿ: ಕಮಾಂಡ್ ಸಾಲಿನಲ್ಲಿ 3 ಜಿಬಿ ಹೀಪ್ ಕೊಟ್ಟರೂ ಸರ್ವರ್‌ಗೆ ಸಿಗುತ್ತಿಲ್ಲ, 80ನೇ ಪೋರ್ಟ್‌ನಲ್ಲೂ ಏಳುತ್ತಿಲ್ಲ

ಪ್ರಶ್ನೆ: ಹೊಸಚಿಗುರು

8 ಜಿಬಿ ಮೆಮೊರಿಯ ಲಿನಕ್ಸ್ ಯಂತ್ರ, ಜಾವಾ 17, ಜೆಟ್ಟಿ 12 (ಜಾವಾದ ಒಂದು ವೆಬ್ ಸರ್ವರ್). ಬೇಸ್ ಡೈರೆಕ್ಟರಿಯಲ್ಲಿ ನಿಂತು ಸರ್ವರ್ ಎಬ್ಬಿಸುತ್ತಿರುವುದು ಹೀಗೆ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇವೆ):

ಜಾವಾ -ಎಕ್ಸ್ಎಂಎಕ್ಸ್3ಜಿ -ಜಾರ್ $ಜೆಟ್ಟಿ_ಹೋಮ್/ಸ್ಟಾರ್ಟ್.ಜಾರ್ ಜೆಟ್ಟಿ.ಎಚ್‌ಟಿಟಿಪಿ.ಪೋರ್ಟ್=80

ತೊಂದರೆ ಮೂರು. ಮೊದಲನೆಯದು, ಅಪ್ಲಿಕೇಶನ್ ಒಳಗಿನಿಂದ ಗರಿಷ್ಠ ಹೀಪ್ (ಜಾವಾ ತನ್ನ ಡೇಟಾ ಇಡುವ ಮೆಮೊರಿ, ಎಕ್ಸ್ಎಂಎಕ್ಸ್ ಹೇಳುವುದು ಇದರ ಮಿತಿಯನ್ನೇ) ಕೇಳಿದರೆ 2 ಜಿಬಿಗಿಂತ ತುಸು ಕಡಿಮೆ ತೋರಿಸುತ್ತದೆ, 3 ಅಲ್ಲ. ಎರಡನೆಯದು, ಪ್ರಾಸೆಸ್ ಪಟ್ಟಿಯಲ್ಲಿ ಒಂದರ ಬದಲು ಎರಡು ಜಾವಾ ಕಾಣುತ್ತವೆ. ಮೂರನೆಯದು, ಪೋರ್ಟ್ 80 ಕೊಟ್ಟರೆ 'ಪರ್ಮಿಷನ್ ಡಿನೈಡ್' ಎಂದು ನಿಂತುಬಿಡುತ್ತದೆ. 8081 ಕೊಟ್ಟರೆ ಏಳುತ್ತದೆ. ಸ್ಟಾರ್ಟ್.ಡಿ ಡೈರೆಕ್ಟರಿಯಲ್ಲಿ ಮೊದಲಿನಿಂದಲೇ ಒಂದು ಜೆವಿಎಂ.ಐಎನ್ಐ ಇದೆ. ಅದರಲ್ಲಿ --ಎಕ್ಸೆಕ್ ಎಂಬ ಸಾಲು, ಅದರ ಕೆಳಗೆ -ಎಕ್ಸ್ಎಕ್ಸ್:+ಯೂಸ್‌ಜಿ1ಜಿಸಿ, ಇಷ್ಟೇ.

ಉತ್ತರ 1: ಬೈಟ್‌ಕೋಡ್

ನಿಮ್ಮ ಮೊದಲ ಎರಡು ತೊಂದರೆಗಳ ಬೇರು ಒಂದೇ: ಆ --ಎಕ್ಸೆಕ್ ಸಾಲು.

ಜಾವಾ ಕಮಾಂಡ್ ಸಾಲನ್ನು ಓದುವವರು ಇಬ್ಬರು. '-ಜಾರ್ ಸ್ಟಾರ್ಟ್.ಜಾರ್' ಎಂಬುದೇ ನಡುವಿನ ಗೋಡೆ. ಅದಕ್ಕಿಂತ ಮುಂಚೆ ಇರುವುದನ್ನು ಜೆವಿಎಂ, ಅಂದರೆ ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ, ಓದುತ್ತದೆ. ಅದರ ನಂತರ ಇರುವುದೆಲ್ಲ ಪ್ರೋಗ್ರಾಂನ ಪಾಲು, ಜೆವಿಎಂ ಆ ಕಡೆ ತಿರುಗಿಯೂ ನೋಡುವುದಿಲ್ಲ. ಬೇರೆ ಪ್ರೋಗ್ರಾಂಗಳಲ್ಲಿ ಜಾರ್ ಹೆಸರಿನ ನಂತರ ಎಕ್ಸ್ಎಂಎಕ್ಸ್ ಹಾಕಿದರೆ ಅದು ಸದ್ದಿಲ್ಲದೆ ಬರೀ ಒಂದು ಸ್ಟ್ರಿಂಗ್ ಆಗಿ ಮೇನ್ ಮೆಥಡ್‌ಗೆ ಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಜೆಟ್ಟಿಯ ಸ್ಟಾರ್ಟ್.ಜಾರ್ ಕೊಂಚ ಜಾಣ. ಅದು ಜೆವಿಎಂ ಆಯ್ಕೆ ಎಂದು ಗುರುತಿಸುತ್ತದೆ. ಆದರೆ ಆಗಲೇ ಓಡುತ್ತಿರುವ ಜೆವಿಎಂನ ಹೀಪ್ ಮಿತಿಯನ್ನು ಯಾರೂ ಬದಲಿಸಲಾರರು. ಹಾಗಾಗಿ --ಎಕ್ಸೆಕ್ ಇಲ್ಲದಿದ್ದರೆ ಎಚ್ಚರಿಕೆಯ ಒಂದು ಸಾಲು ಬರೆದು ಮುಂದೆ ಹೋಗುತ್ತದೆ.

--ಎಕ್ಸೆಕ್ ಇದ್ದಾಗ ಸ್ಟಾರ್ಟ್.ಜಾರ್ ಸಂರಚನೆಯನ್ನೆಲ್ಲ ಓದಿ, ಐಎನ್ಐ ಕಡತಗಳಲ್ಲಿ ಕಂಡ ಜೆವಿಎಂ ಆಯ್ಕೆಗಳನ್ನು ಸೇರಿಸಿ, ಎರಡನೆಯ ಜೆವಿಎಂ ಒಂದನ್ನು ಹೊಸದಾಗಿ ಹುಟ್ಟಿಸುತ್ತದೆ. ನಿಜವಾದ ಸರ್ವರ್ ಓಡುವುದು ಅದರಲ್ಲಿ. ಮೊದಲನೆಯದು ಅದು ಮುಗಿಯಲಿ ಎಂದು ಕಾಯುತ್ತ ಕೂರುತ್ತದೆ. ನೀವು -ಜಾರ್‌ಗೆ ಮುಂಚೆ ಕೊಟ್ಟ 3 ಜಿಬಿ ಆ ಕಾಯುವ ಜೆವಿಎಂಗೆ ಸಿಕ್ಕಿತು. ಸರ್ವರ್ ಜೆವಿಎಂಗೆ ಯಾರೂ ಏನೂ ಹೇಳಿಲ್ಲ, ಅದು ತನ್ನ ಡೀಫಾಲ್ಟ್ ಹಿಡಿಯಿತು: ಯಂತ್ರದ ಮೆಮೊರಿಯ ನಾಲ್ಕನೇ ಒಂದು ಭಾಗ. 8 ಜಿಬಿಯಲ್ಲಿ ಕರ್ನೆಲ್ ತನ್ನ ಪಾಲು ಕಳೆದು ತೋರಿಸುವುದರಿಂದ 2 ಜಿಬಿಗೆ ತುಸು ಕಡಿಮೆ. ಲೆಕ್ಕ ಸರಿಹೋಯಿತಲ್ಲ?

ಖಚಿತಪಡಿಸಿಕೊಳ್ಳಲು 'ಜೆಸಿಎಂಡಿ -ಎಲ್' ಕೊಡಿ. ಜೆಸಿಎಂಡಿಯದೇ ಸಾಲು ಬಿಟ್ಟರೆ ಎರಡು ಸಾಲು ಬರುತ್ತವೆ. ಒಂದರಲ್ಲಿ ಸ್ಟಾರ್ಟ್.ಜಾರ್, ಇನ್ನೊಂದರಲ್ಲಿ ಎಕ್ಸ್ಎಂಎಲ್‌ಕಾನ್ಫಿಗರೇಶನ್ ಎಂಬ ಕ್ಲಾಸ್. ಎರಡನೆಯದೇ ಸರ್ವರ್. ಅದರ ಪ್ರಾಸೆಸ್ ಸಂಖ್ಯೆ ಹಿಡಿದು 'ಜೆಸಿಎಂಡಿ ಸಂಖ್ಯೆ ವಿಎಂ.ಫ್ಲ್ಯಾಗ್ಸ್' ಕೊಟ್ಟರೆ ಮ್ಯಾಕ್ಸ್‌ಹೀಪ್‌ಸೈಜ್ ಬೈಟ್‌ಗಳಲ್ಲಿ ಕಾಣುತ್ತದೆ. 3 ಜಿಬಿ ನಿಜಕ್ಕೂ ತಲುಪಿದ್ದರೆ ಅಲ್ಲಿ 3221225472 ಇರಬೇಕು. ಕಮಾಂಡ್ ಸಾಲಿನಲ್ಲಿ ಏನು ಬರೆದಿದ್ದೀರಿ ಎನ್ನುವುದಕ್ಕಿಂತ ಓಡುತ್ತಿರುವ ಜೆವಿಎಂ ಏನು ಹೇಳುತ್ತದೆ ಎನ್ನುವುದನ್ನೇ ನಂಬಿ.

ಪರಿಹಾರ ಸರಳ. ಜೆವಿಎಂ.ಐಎನ್ಐ ಕಡತದಲ್ಲಿ --ಎಕ್ಸೆಕ್ ಕೆಳಗೆ ಪ್ರತ್ಯೇಕ ಸಾಲಿನಲ್ಲಿ -ಎಕ್ಸ್ಎಂಎಕ್ಸ್3ಜಿ ಬರೆಯಿರಿ, ಕಮಾಂಡ್‌ನಿಂದ ತೆಗೆಯಿರಿ. ಮೊದಲ ಎಕ್ಸ್ ದೊಡ್ಡಕ್ಷರ, ಎಂಎಕ್ಸ್ ಚಿಕ್ಕಕ್ಷರ. ನಡುವೆ ಸಮ ಚಿಹ್ನೆಯಾಗಲಿ ಜಾಗವಾಗಲಿ ಇರಕೂಡದು.

ಉತ್ತರ 2: ಟರ್ಮಿನಲ್‌ಪ್ರಿಯ

ಬೈಟ್‌ಕೋಡ್ ಹೇಳಿದ್ದು ಸರಿ. ಆದರೆ ಶಾಶ್ವತವಾಗಿ ಓಡಬೇಕಾದ ಸರ್ವರ್‌ನಲ್ಲಿ ಎರಡು ಜೆವಿಎಂ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಾಯುವ ಜೆವಿಎಂ ಕೂಡ ಮೆಮೊರಿ ತಿನ್ನುತ್ತದೆ. ಮೇಲ್ವಿಚಾರಣೆಯ ಉಪಕರಣಗಳು ತಪ್ಪು ಪ್ರಾಸೆಸ್ ಹಿಡಿಯುತ್ತವೆ. ಜಾವಾ_ಟೂಲ್_ಆಪ್ಷನ್ಸ್ ಎಂಬ ಪರಿಸರ ಚರ ಇಟ್ಟಿದ್ದರೆ ಎರಡೂ ಅದನ್ನು ಓದುತ್ತವೆ, ಅಲ್ಲಿ ಡೀಬಗ್ ಪೋರ್ಟ್ ಏನಾದರೂ ಇದ್ದರೆ ಎರಡನೆಯದಕ್ಕೆ ಆ ಪೋರ್ಟ್ ಸಿಗದೆ ಅದು ಏಳುವುದೇ ಇಲ್ಲ.

ಅದರ ಬದಲು --ಡ್ರೈ-ರನ್ ಬಳಸಿ. ಸ್ಟಾರ್ಟ್.ಜಾರ್‌ಗೆ ಅದನ್ನು ಕೊಟ್ಟರೆ ಸರ್ವರ್ ಎಬ್ಬಿಸದೆ, ಎಬ್ಬಿಸಲು ಬೇಕಾದ ಪೂರ್ತಿ ಕಮಾಂಡ್ ಅನ್ನು ಮುದ್ರಿಸಿ ಸುಮ್ಮನಾಗುತ್ತದೆ. ಐಎನ್ಐ ಕಡತಗಳ ಜೆವಿಎಂ ಆಯ್ಕೆಗಳೂ ಅದರಲ್ಲೇ ಬಂದಿರುತ್ತವೆ. ಅದನ್ನು ಒಂದು ಶೆಲ್ ಕಡತದಲ್ಲಿ ಉಳಿಸಿ, ಮುಂದೆ 'ಎಕ್ಸೆಕ್' ಪದ ಸೇರಿಸಿ ಓಡಿಸಿ (ಇದು ಶೆಲ್‌ನ ಎಕ್ಸೆಕ್, ಜೆಟ್ಟಿಯದಲ್ಲ). ಈಗ ಜಾವಾ ಒಂದೇ, ನಿಲ್ಲಿಸುವ ಸಿಗ್ನಲ್ ಕೂಡ ನೇರವಾಗಿ ಅದಕ್ಕೇ ತಲುಪುತ್ತದೆ. ಒಂದು ಎಚ್ಚರಿಕೆ: ಆ ಸಾಲಿನಲ್ಲಿ ಜಾರ್ ಕಡತಗಳ ಹೆಸರು ಆವೃತ್ತಿ ಸಂಖ್ಯೆ ಸಮೇತ ಇರುತ್ತವೆ. ಜೆಟ್ಟಿ ನವೀಕರಿಸಿದಾಗ ಅಥವಾ ಮಾಡ್ಯೂಲ್ ಸೇರಿಸಿದಾಗ ಮತ್ತೆ ಡ್ರೈ-ರನ್ ಮಾಡಿ ಕಡತ ಹೊಸದು ಮಾಡಲೇಬೇಕು. ಮರೆತರೆ 'ಕ್ಲಾಸ್ ಸಿಗಲಿಲ್ಲ' ಎಂಬ ದೋಷ ಬರುತ್ತದೆ.

ಇನ್ನು ಪೋರ್ಟ್‌ನಂಥ ಜೆಟ್ಟಿ ಗುಣಗಳ ಬಗ್ಗೆ. ಕಮಾಂಡ್ ಸಾಲಿನಲ್ಲಿ ಕೊಟ್ಟದ್ದು ಸ್ಟಾರ್ಟ್.ಡಿ ಒಳಗಿನ ಐಎನ್ಐಗಿಂತ ಮೇಲು. ಯಾವ ಮೌಲ್ಯ ಎಲ್ಲಿಂದ ಬಂತು ಎಂದು ಗೊಂದಲವಾದರೆ --ಲಿಸ್ಟ್-ಕಾನ್ಫಿಗ್ ಕೊಡಿ. ಪ್ರತಿ ಗುಣದ ಪಕ್ಕದಲ್ಲೇ ಅದು ಬಂದ ಕಡತದ ಹೆಸರು ತೋರಿಸುತ್ತದೆ. ಐಎನ್ಐನಲ್ಲಿ # ಇರುವ ಸಾಲುಗಳು ಬರೀ ಟಿಪ್ಪಣಿ. ಅಲ್ಲಿನ ಸಂಖ್ಯೆ ಬದಲಿಸಿ # ತೆಗೆಯಲು ಮರೆಯುವುದು ತೀರಾ ಸಾಮಾನ್ಯ ತಪ್ಪು. '?=' ಎಂದಿದ್ದರೆ 'ಬೇರೆಲ್ಲೂ ಕೊಟ್ಟಿಲ್ಲದಿದ್ದರೆ ಮಾತ್ರ ಇದು' ಎಂದರ್ಥ. ಮಾಡ್ಯೂಲ್ ಸೇರಿಸುವುದಿದ್ದರೆ ಬೇಸ್ ಡೈರೆಕ್ಟರಿಯಲ್ಲಿ ನಿಂತು --ಆ್ಯಡ್-ಮಾಡ್ಯೂಲ್ಸ್=ಎಚ್‌ಟಿಟಿಪಿ ಎಂಬಂತೆ ಕೊಡಿ. ಜೆಟ್ಟಿ ಹೋಮ್ ಒಳಗಿನ ಯಾವ ಕಡತವನ್ನೂ ಕೈಯಿಂದ ತಿದ್ದಬೇಡಿ. ನಿಮ್ಮದೆಲ್ಲ ಬೇಸ್‌ನಲ್ಲಿದ್ದರೆ ನವೀಕರಣ ಎಂದರೆ ಹೋಮ್ ಡೈರೆಕ್ಟರಿ ಬದಲಿಸುವುದು, ಅಷ್ಟೆ.

ಹೊಸಚಿಗುರು

ಐಎನ್ಐನಲ್ಲಿ ಹಾಕಿದ ಮೇಲೆ 3221225472 ಬಂತು. ಧನ್ಯವಾದ ಇಬ್ಬರಿಗೂ. ಪೋರ್ಟ್ 80 ಮಾತ್ರ ಹಾಗೇ ಉಳಿದಿದೆ. ರೂಟ್ ಆಗಿ ಓಡಿಸಲು ಮನಸ್ಸಿಲ್ಲ. ಇದನ್ನೇ ಮುಂದೆ 1 ಜಿಬಿ ಮಿತಿಯ ಕಂಟೇನರ್‌ಗೆ ಒಯ್ಯುವುದಿದೆ, ಅಲ್ಲಿ ಎಕ್ಸ್ಎಂಎಕ್ಸ್ ಎಷ್ಟು ಕೊಡಬೇಕು?

ಉತ್ತರ 3: ಹಳೇಬೇರು

ರೂಟ್ ಬೇಡ ಎಂದದ್ದು ಒಳ್ಳೆಯದು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ವಿಶೇಷ ಅನುಮತಿ ಬೇಕು, ಯಾವ ಜಾವಾ ಆಯ್ಕೆಯಿಂದಲೂ ಅದು ಸಿಗುವುದಿಲ್ಲ. 'ಪರ್ಮಿಷನ್ ಡಿನೈಡ್' ಬಂದರೆ ಇದೇ ಕಾರಣ. 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಬಂದರೆ ಬೇರೆ ರೋಗ, ಇನ್ನಾರೋ ಅಲ್ಲಿ ಕೂತಿದ್ದಾರೆ. ಅವರು ಯಾರೆಂದು 'ಎಸ್ಎಸ್ -ಎಲ್‌ಟಿಎನ್‌ಪಿ' ಹೇಳುತ್ತದೆ.

ನನ್ನ ಮೊದಲ ಆಯ್ಕೆ ಮುಂದೆ ಒಂದು ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಗಳನ್ನು ಪಡೆದು ಜೆಟ್ಟಿಗೆ ದಾಟಿಸುವ ಇನ್ನೊಂದು ಸರ್ವರ್). ಜೆಟ್ಟಿ 8081ರಲ್ಲಿ, ಜೊತೆಗೆ ಜೆಟ್ಟಿ.ಎಚ್‌ಟಿಟಿಪಿ.ಹೋಸ್ಟ್=127.0.0.1. ಈ ಹೋಸ್ಟ್ ಬಿಟ್ಟರೆ ಜೆಟ್ಟಿ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಕಿವಿಗೊಡುತ್ತದೆ, ಪ್ರಾಕ್ಸಿಯನ್ನು ಬಳಸಿ ಹೊರಗಿನವರು ಒಳಬರುವ ಬದಲು ನೇರವಾಗಿ 8081ಕ್ಕೇ ಬರಬಹುದು. ಪ್ರಾಕ್ಸಿ ಬೇಡವೆಂದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ವ್ಯವಸ್ಥೆ) ಯೂನಿಟ್‌ನಲ್ಲಿ ಯೂಸರ್ ಹೆಸರಿನ ಜೊತೆ ಆಂಬಿಯೆಂಟ್‌ಕೇಪಬಿಲಿಟೀಸ್=ಕ್ಯಾಪ್_ನೆಟ್_ಬೈಂಡ್_ಸರ್ವಿಸ್ ಬರೆಯಿರಿ. ಜಾವಾ ಕಡತಕ್ಕೇ 'ಸೆಟ್‌ಕ್ಯಾಪ್' ಹೊಡೆಯುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಮಾಡಬೇಡಿ. ಹಾಗೆ ಮಾಡಿದಾಗ ಲೋಡರ್ ಭದ್ರತೆಗಾಗಿ ಪಕ್ಕದ ಡೈರೆಕ್ಟರಿಯ ಲೈಬ್ರರಿಗಳನ್ನು ಹುಡುಕುವುದನ್ನು ನಿಲ್ಲಿಸುತ್ತದೆ, ಜಾವಾ ತನ್ನದೇ ಲಿಬ್‌ಜೆಎಲ್ಐ ಸಿಗದೆ ಬೀಳಬಹುದು. ಅಲ್ಲದೆ ಆ ಅನುಮತಿ ಆ ಯಂತ್ರದ ಎಲ್ಲ ಜಾವಾ ಪ್ರೋಗ್ರಾಂಗಳಿಗೂ ಸಿಕ್ಕಿಬಿಡುತ್ತದೆ.

ಯೂನಿಟ್ ಬರೆಯುವಾಗ ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್=143 ಕೂಡ ಸೇರಿಸಿ. ಜೆವಿಎಂ ಸಿಗ್‌ಟರ್ಮ್ ಎಂಬ ನಿಲ್ಲಿಸುವ ಸಿಗ್ನಲ್‌ಗೆ ಸರಿಯಾಗಿ ನಿಂತರೂ 128 + 15 ಅಂದರೆ 143 ಹಿಂತಿರುಗಿಸುತ್ತದೆ. ಅದಿಲ್ಲದಿದ್ದರೆ ಪ್ರತಿ ಸಲ ನಿಲ್ಲಿಸಿದಾಗಲೂ ಸಿಸ್ಟಮ್‌ಡಿ 'ಫೇಲ್ಡ್' ಎಂದು ಕೆಂಪಗೆ ತೋರಿಸುತ್ತದೆ.

ಈಗ ಕಂಟೇನರ್. 1 ಜಿಬಿ ಮಿತಿಗೆ 1 ಜಿಬಿ ಹೀಪ್ ಕೊಟ್ಟರೆ ಸಾಯುವುದು ಖಂಡಿತ. ಹೀಪ್‌ನ ಹೊರಗೆ ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ) ಇದೆ, ಜಿಟ್ ಕೋಡ್ (ಓಡುವಾಗ ತಯಾರಾದ ಯಂತ್ರಭಾಷೆ) ಇದೆ, ಡೈರೆಕ್ಟ್ ಬಫರ್‌ಗಳಿವೆ, ಪ್ರತಿ ಥ್ರೆಡ್‌ಗೆ 64 ಬಿಟ್ ಲಿನಕ್ಸ್‌ನಲ್ಲಿ 1 ಎಂಬಿ ತನಕ ಸ್ಟ್ಯಾಕ್ ಇದೆ. ಜೆಟ್ಟಿಯ ಥ್ರೆಡ್ ಪೂಲ್ ಡೀಫಾಲ್ಟ್ ಗರಿಷ್ಠ 200. ಇದೆಲ್ಲ ಸೇರಿ ಮಿತಿ ದಾಟಿದಾಗ ಕರ್ನೆಲ್ ಪ್ರಾಸೆಸ್ ಅನ್ನೇ ಕೊಲ್ಲುತ್ತದೆ, ಎಕ್ಸಿಟ್ ಕೋಡ್ 137. ಆಗ ಜಾವಾದ ಔಟ್‌ಆಫ್‌ಮೆಮೊರಿ ದೋಷವೂ ಲಾಗ್‌ನಲ್ಲಿರುವುದಿಲ್ಲ, ಹೀಪ್ ಡಂಪೂ ಬರುವುದಿಲ್ಲ. ಲಾಗ್ ಥಟ್ಟನೆ ಕಡಿದುಹೋಗಿ 137 ಕಂಡರೆ ಹೀಪ್ ಹೆಚ್ಚಿಸಬೇಡಿ, ಇಳಿಸಿ.

ಇಂಥ ಕಡೆ ಎಕ್ಸ್ಎಂಎಕ್ಸ್ ಬದಲು -ಎಕ್ಸ್ಎಕ್ಸ್:ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್=60.0 ಎಂದು ಶುರುಮಾಡಿ, ಭಾರ ಹಾಕಿ ನೋಡಿ ಹೊಂದಿಸಿ. ಡೀಫಾಲ್ಟ್ 25, ಅಂದರೆ ನಿಮ್ಮ ಮಿತಿಯಲ್ಲಿ 256 ಎಂಬಿ ಮಾತ್ರ. ಕಂಟೇನರ್ ಮಿತಿಯನ್ನು ಜೆವಿಎಂ ತಾನಾಗಿ ಗುರುತಿಸುವುದು ಜಾವಾ 10ರಿಂದ, 8ರಲ್ಲಾದರೆ 191ನೇ ಅಪ್‌ಡೇಟ್‌ನಿಂದ. ಎಕ್ಸ್ಎಂಎಕ್ಸ್ ಕೂಡ ಜೊತೆಗಿದ್ದರೆ ಅದೇ ಗೆಲ್ಲುತ್ತದೆ, ಶೇಕಡಾವಾರು ಲೆಕ್ಕಕ್ಕೇ ಬರುವುದಿಲ್ಲ. ಮಿನ್‌ರ‍್ಯಾಮ್‌ಪರ್ಸೆಂಟೇಜ್ ಎಂಬ ಇನ್ನೊಂದಿದೆ, ಹೆಸರು ನೋಡಿ ಮೋಸಹೋಗಬೇಡಿ. ಅದು ಕನಿಷ್ಠ ಹೀಪ್ ಅಲ್ಲ, ತೀರಾ ಚಿಕ್ಕ ಮೆಮೊರಿಯ ಯಂತ್ರಗಳಲ್ಲಿ ಗರಿಷ್ಠ ಹೀಪ್ ಎಷ್ಟೆಂಬ ಲೆಕ್ಕ.

ಉತ್ತರ 4: ಬೈಟ್‌ಕೋಡ್

ಐಎನ್ಐ ತಿದ್ದುತ್ತಿದ್ದೀರಿ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಹಳೆಯ ಜಾವಾದ ಕಾಲದ ಆಯ್ಕೆಗಳನ್ನು ನಕಲು ಮಾಡಬೇಡಿ. 17ರಲ್ಲಿ ಯೂಸ್‌ಕಾನ್‌ಕ್‌ಮಾರ್ಕ್‌ಸ್ವೀಪ್‌ಜಿಸಿ ಅಥವಾ ಪ್ರಿಂಟ್‌ಜಿಸಿಡೇಟ್‌ಸ್ಟ್ಯಾಂಪ್ಸ್ ಇದ್ದರೆ ಜೆವಿಎಂ 'ಅನ್‌ರೆಕಗ್ನೈಸ್ಡ್ ವಿಎಂ ಆಪ್ಷನ್' ಎಂದು ಹೇಳಿ ಏಳುವುದೇ ಇಲ್ಲ. ಗುರುತಿಸದ್ದನ್ನು ಕಡೆಗಣಿಸು ಎನ್ನುವ ಒಂದು ಆಯ್ಕೆ ಇದೆಯಾದರೂ ಅದನ್ನು ಹಾಕಬೇಡಿ, ಮುಂದೆ ನಿಮ್ಮದೇ ಕಾಗುಣಿತದ ತಪ್ಪುಗಳೂ ಮುಚ್ಚಿಹೋಗುತ್ತವೆ. ಜಿಸಿ (ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಕೆಲಸ) ಲಾಗ್ ಬೇಕಿದ್ದರೆ ಜಾವಾ 9ರಿಂದ ಈಚೆಗೆ ಹೀಗೆ:

-ಎಕ್ಸ್‌ಲಾಗ್:ಜಿಸಿ*:ಫೈಲ್=ಲಾಗ್ಸ್/ಜಿಸಿ.ಲಾಗ್:ಟೈಮ್,ಅಪ್‌ಟೈಮ್:ಫೈಲ್‌ಕೌಂಟ್=5,ಫೈಲ್‌ಸೈಜ್=10ಎಂ

ಐಎನ್ಐ ಒಳಗೆ ಹಾಗೇ ಬರೆಯಬಹುದು. ಶೆಲ್‌ನಲ್ಲಿ ನೇರ ಕೊಡುವುದಾದರೆ ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲದಿದ್ದರೆ ಕೆಲವು ಶೆಲ್‌ಗಳು ಆ ನಕ್ಷತ್ರವನ್ನು ಕಡತದ ಹೆಸರೆಂದು ಹುಡುಕಲು ಹೋಗುತ್ತವೆ.

ಗುಪ್ತಪದವನ್ನು -ಡಿ ಆಯ್ಕೆಯಾಗಿ ಕಮಾಂಡ್ ಸಾಲಿನಲ್ಲಿ ಎಂದೂ ಇಡಬೇಡಿ. ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ 'ಪಿಎಸ್' ಓಡಿಸುವ ಯಾವ ಬಳಕೆದಾರನಿಗೂ ಅದು ಕಾಣುತ್ತದೆ. ಡ್ರೈ-ರನ್ ಮಾಡಿ ಉಳಿಸಿದ ಕಡತದಲ್ಲೂ ಅದು ಬಂದು ಕೂತಿರಬಹುದು, ಆ ಕಡತದ ಓದುವ ಅನುಮತಿ ಒಮ್ಮೆ ನೋಡಿಕೊಳ್ಳಿ. ಜೆಟ್ಟಿಯ 'ಒಬಿಎಫ್:' ರೂಪ ಗುಪ್ತಲಿಪಿಯಲ್ಲ, ಬರೀ ಮರೆಮಾಚುವಿಕೆ, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು.

ಉತ್ತರ 5: ಟರ್ಮಿನಲ್‌ಪ್ರಿಯ

ಉಳಿದ ಒಂದು ವಿಷಯ ತಾತ್ಕಾಲಿಕ ಡೈರೆಕ್ಟರಿ. ಡೀಫಾಲ್ಟ್ ಆಗಿ /ಟಿಎಂಪಿ ಬಳಕೆಯಾಗುತ್ತದೆ. ಸಿಸ್ಟಮ್‌ಡಿ ಇರುವ ಬಹಳಷ್ಟು ಯಂತ್ರಗಳಲ್ಲಿ 10 ದಿನ ಮುಟ್ಟದ ಕಡತಗಳನ್ನು ಅಲ್ಲಿಂದ ಗುಡಿಸಿಹಾಕುತ್ತಾರೆ. ಸರ್ವರ್ ಎರಡು ವಾರ ಚೆನ್ನಾಗಿ ಓಡಿ, ಆಮೇಲೆ ಇದ್ದಕ್ಕಿದ್ದಂತೆ ಅಪ್‌ಲೋಡ್ ಮಾತ್ರ ಕೈಕೊಡುವುದಕ್ಕೆ ಇದು ಕಾರಣವಾಗಬಹುದು, ಮರುಪ್ರಾರಂಭಿಸಿದರೆ ಸರಿಹೋಗುವುದರಿಂದ ಮೂಲ ಸಿಕ್ಕುವುದೇ ಇಲ್ಲ. ಬೇಸ್ ಒಳಗೆ ಒಂದು ಡೈರೆಕ್ಟರಿ ಮಾಡಿ, ಜೆಟ್ಟಿ ಓಡುವ ಬಳಕೆದಾರನಿಗೆ ಬರೆಯುವ ಅನುಮತಿ ಕೊಟ್ಟು, -ಡಿಜಾವಾ.ಐಒ.ಟಿಎಂಪಿಡಿಐಆರ್= ನಂತರ ಅದರ ಪೂರ್ಣ ದಾರಿ ಬರೆಯಿರಿ. ಇದೂ ಜೆವಿಎಂನ ಪಾಲಿನದು, ಎಕ್ಸ್ಎಂಎಕ್ಸ್ ಇಟ್ಟ ಜೆವಿಎಂ.ಐಎನ್ಐನಲ್ಲೇ ಇರಲಿ. ಡೈರೆಕ್ಟರಿಯನ್ನು ಮೊದಲೇ ಮಾಡಿರಬೇಕು, ಜಾವಾ ಅದನ್ನು ತಾನಾಗಿ ಹುಟ್ಟಿಸುವುದಿಲ್ಲ.

ಹೊಸಚಿಗುರು

ಡ್ರೈ-ರನ್ ಕಡತ, ಆಂಬಿಯೆಂಟ್ ಅನುಮತಿ ಮತ್ತು 143 ಮೂರನ್ನೂ ಹಾಕಿದೆ. 80ರಲ್ಲಿ ಎದ್ದಿದೆ, ಜಾವಾ ಒಂದೇ ಕಾಣುತ್ತಿದೆ, ನಿಲ್ಲಿಸಿದಾಗ 'ಫೇಲ್ಡ್' ಬರುತ್ತಿಲ್ಲ. ತಾತ್ಕಾಲಿಕ ಡೈರೆಕ್ಟರಿಯನ್ನೂ ಬದಲಿಸಿ ಮತ್ತೆ ಡ್ರೈ-ರನ್ ಮಾಡುತ್ತೇನೆ.